ಹದ ಅಜ್ಜಿಯದು, ಓವನ್ ನಮ್ಮದು: ಮನೆಯವರೆಲ್ಲ ಸೇರಿ ನಾನ್‌ಖಟಾಯಿ ಮಾಡುವ ಬಗೆ

ಹೋದ ವರ್ಷ ದೀಪಾವಳಿಗೆ ಮುಂಚೆ ಅಜ್ಜಿಯ ಜೊತೆ ಓವನ್‌ನಲ್ಲಿ ಬಿಸ್ಕತ್ತು ಮಾಡಬೇಕೆಂದು ಹೊರಟೆ. ಅಜ್ಜಿಗೆ 82 ವರ್ಷ. ನಾನು ಎಲ್ಲವನ್ನೂ ಅಳೆದು ಬಟ್ಟಲುಗಳಲ್ಲಿ ಸಾಲಾಗಿ ಇಟ್ಟಿದ್ದೆ. ಅವರಿಗೊಂದು ಕುರ್ಚಿ ಹಾಕಿ, "ನೀವು ಸುಮ್ನೆ ಕೂತು ನೋಡಿ ಅಜ್ಜಿ, ಎಲ್ಲ ನಾನೇ ಮಾಡ್ತೀನಿ" ಅಂದೆ. ಹತ್ತು ನಿಮಿಷ ಕೂತಿದ್ದರು. ಆಮೇಲೆ ಎದ್ದು ಹೋಗಿ ಹಜಾರದಲ್ಲಿ ಹೂ ಕಟ್ಟುತ್ತಾ ಕೂತುಬಿಟ್ಟರು. ಬಿಸ್ಕತ್ತು ಚೆನ್ನಾಗಿಯೇ ಬಂತು. ಅಜ್ಜಿ ಒಂದು ತಿಂದು "ಚೆನ್ನಾಗಿದೆ ಕಣೆ" ಅಂದರು, ಅಷ್ಟೇ.

ರಾತ್ರಿ ಪಾತ್ರೆ ತೊಳೆಯುವಾಗ ಅಮ್ಮ ಹೇಳಿದರು: "ಅರವತ್ತು ವರ್ಷ ಅಡುಗೆಮನೆ ನಡೆಸಿದವರನ್ನ ಕೂತು ನೋಡಿ ಅಂದ್ರೆ ಅವರಿಗೆ ಹೇಗಾಗಬೇಡ?"

ಆ ಮಾತು ಮನಸ್ಸಿಗೆ ನಾಟಿತು. ಆಮೇಲೆ ತಿಂಗಳಿಗೊಂದು ಸಲವಾದರೂ ನಾವು ಸೇರಿ ಮಾಡಿದ್ದೇವೆ. ಅಜ್ಜಿ, ಅಮ್ಮ, ನಾನು, ನನ್ನ ಏಳು ವರ್ಷದ ಮಗಳು. ಹಿರಿಯರಿಗೆ ಕೆಲಸ ಕೊಟ್ಟರೆ ಸಾಲದು, ತೀರ್ಮಾನವನ್ನೂ ಕೊಡಬೇಕು ಅನ್ನುವುದು ಇಷ್ಟು ದಿನದಲ್ಲಿ ನನಗೆ ಖಚಿತವಾಗಿದೆ. ಹಿಟ್ಟಿನ ಹದ ಬಂತೋ ಇಲ್ಲವೋ ಎಂದು ಹೇಳುವವರು ಅವರೇ ಆಗಿರಬೇಕು. ಮುಂದೆ ಬರೆದಿರುವುದೆಲ್ಲ ಅದನ್ನು ಆಗಮಾಡಿಸುವ ದಾರಿ.

ಮೊದಲಿಗೆ ನಾನ್‌ಖಟಾಯಿ ಯಾಕೆ

ಕೇಕಿನಿಂದ ಶುರು ಮಾಡಬೇಡಿ. ಕೇಕಿನಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಕುಸಿಯುತ್ತದೆ. ಹಿಟ್ಟು ಕಲಸಿದ ಮೇಲೆ ಬೇಗ ಒಲೆಗೆ ಹೋಗಬೇಕು. ಹಿರಿಯರ ಕೈಗೆ ಆ ಅವಸರ ಒಗ್ಗುವುದಿಲ್ಲ. ನಾನ್‌ಖಟಾಯಿ ಹಾಗಲ್ಲ. ಹಿಟ್ಟು ಅರ್ಧ ಗಂಟೆ ಕಾಯುತ್ತದೆ. ಮಧ್ಯೆ ಕಾಫಿ ಕುಡಿಯಬಹುದು, ಫೋನ್ ಬಂದರೆ ಮಾತಾಡಬಹುದು. ಉಂಡೆ ಕಟ್ಟುವ ಕೆಲಸವನ್ನು ಕೂತಲ್ಲೇ ಮಾಡಬಹುದು.

ಇನ್ನೊಂದು ಕಾರಣವೂ ಇದೆ. ಅದರಲ್ಲಿ ಮೊಟ್ಟೆ ಇಲ್ಲ. ಮೊಟ್ಟೆ ಮುಟ್ಟದ ಅಜ್ಜಿಯರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಅಂಗಡಿಯಿಂದ ಅಯ್ಯಂಗಾರ್ ಬೇಕರಿಗಳ ಕಥೆ ಆರಂಭವಾಗುತ್ತದೆ ಎನ್ನುತ್ತಾರೆ. ಅಂಥ ಬೇಕರಿಗಳು ಊರೂರಿಗೆ ಬಂದ ಮೇಲೂ ನಮ್ಮಜ್ಜಿ ಹೊರಗಿನ ಬಿಸ್ಕತ್ತು ತಿಂದವರಲ್ಲ. ನಿಮ್ಮ ಮನೆಯಲ್ಲೂ ಹೀಗಿದ್ದರೆ ಓವನ್ನಿನ ಒಂದು ಟ್ರೇಯನ್ನು ಬೇರೆಯಾಗಿಯೇ ಇಡಿ. ಮೊಟ್ಟೆ ಕೇಕ್ ಮಾಡಿದ ಟ್ರೇಯನ್ನೇ ತೊಳೆದು ತರಬೇಡಿ. ಅವರು ಬಾಯಿಬಿಟ್ಟು ಹೇಳದಿರಬಹುದು. ಆದರೆ ತಿನ್ನುವುದಿಲ್ಲ.

ಮೂರನೆಯದು ಹಲ್ಲು. ತುಪ್ಪ ಸರಿಯಾಗಿದ್ದರೆ ನಾನ್‌ಖಟಾಯಿ ಬಾಯಲ್ಲಿ ಇಟ್ಟ ಕೂಡಲೇ ಕರಗುತ್ತದೆ. ನುಂಗಲು ಕಷ್ಟವಾಗುವವರಿಗೆ ಮಾತ್ರ ಒಣ ಪುಡಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಂಥವರಿಗೆ ಹಾಲಿನಲ್ಲಿ ಅದ್ದಿ ಕೊಡಿ.

ಹಿಂದಿನ ದಿನವೇ ಮುಗಿಸುವ ಕೆಲಸ

ಮಿಕ್ಸಿ ಕೆಲಸ ಮುಂಚೆಯೇ ಮುಗಿದಿರಲಿ. ಕಿವಿ ಮಂದವಾದವರಿಗೆ, ಅದರಲ್ಲೂ ಕಿವಿಗೆ ಮೆಷಿನ್ ಹಾಕಿಕೊಳ್ಳುವವರಿಗೆ, ಮಿಕ್ಸಿ ಸದ್ದು ತಲೆಗೇ ಹೊಡೆದ ಹಾಗೆ ಇರುತ್ತದೆ. ಅದು ಓಡುವಾಗ ಯಾರ ಮಾತೂ ಕೇಳಿಸುವುದಿಲ್ಲ. ಹಿಂದಿನ ದಿನವೇ 100 ಗ್ರಾಂ ಸಕ್ಕರೆಯನ್ನು ಐದಾರು ಏಲಕ್ಕಿಯ ಕಾಳಿನ ಜೊತೆ ನುಣ್ಣಗೆ ಪುಡಿ ಮಾಡಿ ಡಬ್ಬಕ್ಕೆ ಹಾಕಿಡಿ.

150 ಗ್ರಾಂ ಮೈದಾ, 50 ಗ್ರಾಂ ಕಡಲೆಹಿಟ್ಟು, 25 ಗ್ರಾಂ ಚಿರೋಟಿ ರವೆ ತೆಗೆದಿಡಿ. ತುಪ್ಪ 125 ಗ್ರಾಂ ಬೇಕು. ಜೊತೆಗೆ ಕಾಲು ಟೀ ಚಮಚ ಅಡುಗೆ ಸೋಡ, ಒಂದು ಚಿಟಿಕೆ ಉಪ್ಪು, ಇಷ್ಟವಿದ್ದರೆ ಸ್ವಲ್ಪ ತುರಿದ ಜಾಯಿಕಾಯಿ. ಮೇಲೆ ಇಡಲು ಗೋಡಂಬಿ ಚೂರು. ಇಷ್ಟರಲ್ಲಿ ಸುಮಾರು 24 ಬಿಸ್ಕತ್ತು ಆಗುತ್ತವೆ.

ತುಪ್ಪದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕೆಡುವುದೆಲ್ಲ ಇಲ್ಲೇ. ಕರಗಿದ ತುಪ್ಪ ಬೇಡ. ಫ್ರಿಜ್‌ನಿಂದ ತೆಗೆದ ಗಟ್ಟಿ ತುಪ್ಪವೂ ಬೇಡ. ಹೊರಗೆ ಇಟ್ಟ, ಹರಳು ಹರಳಾದ, ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗುವ ತುಪ್ಪ ಬೇಕು. ಬೇಸಿಗೆಯಲ್ಲಿ ತುಪ್ಪ ನೀರಾಗಿದ್ದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಮಧ್ಯೆ ಒಂದೆರಡು ಸಲ ಕೈಯಾಡಿಸಿ. ನೀರಾದ ತುಪ್ಪ ಹಾಕಿದರೆ ಉಂಡೆಗಳು ಒಲೆಯಲ್ಲಿ ಹರಡಿಕೊಂಡು ಚಪ್ಪಟೆಯಾಗುತ್ತವೆ. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಕೂರುವ ಜಾಗ

ನಮ್ಮಜ್ಜಿಗೆ ನೆಲದ ಮೇಲೆ ಮಣೆ ಹಾಕಿ ಕೂತು ಮಾಡಿದರೇನೇ ಸಮಾಧಾನ. ಆದರೆ ಅಲ್ಲಿಂದ ಏಳುವುದು ಈಗ ಕಷ್ಟ. ಹಾಗಾಗಿ ಊಟದ ಮೇಜಿನ ಹತ್ತಿರ ಕೈಯಿರುವ ಕುರ್ಚಿ ಹಾಕುತ್ತೇವೆ. ಏಳುವಾಗ ಊರಿಕೊಳ್ಳಲು ಕುರ್ಚಿಗೆ ಕೈ ಇರಲೇಬೇಕು. ಮೇಜು ಅವರ ಮೊಣಕೈ ಎತ್ತರಕ್ಕೆ ಇರಲಿ, ಅದಕ್ಕಿಂತ ಎತ್ತರವಾದರೆ ಭುಜ ನೋಯುತ್ತದೆ. ತಟ್ಟೆಯ ಕೆಳಗೆ ಒದ್ದೆ ಮಸಿಬಟ್ಟೆ ಹಾಸಿ. ಆಗ ತಟ್ಟೆ ಜಾರುವುದಿಲ್ಲ, ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಾಗುವುದಿಲ್ಲ.

ಹೊತ್ತು ಯಾವುದು ಅನ್ನುವುದೂ ಮುಖ್ಯ. ಸಂಜೆ ಬೇಡ. ಆಗ ದಣಿದಿರುತ್ತಾರೆ, ಕಣ್ಣೂ ಮಂಜಾಗಿರುತ್ತದೆ. ತಿಂಡಿ, ಮಾತ್ರೆ ಎಲ್ಲ ಮುಗಿದ ಮೇಲೆ, ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ, ಕಿಟಕಿ ಬೆಳಕು ಬೀಳುವ ಕಡೆ ಕೂರಿಸಿ. ಒಟ್ಟು ಒಂದೂವರೆ ಗಂಟೆ ಹಿಡಿಯುತ್ತದೆ. ಅವರು ಕೂರಬೇಕಾದದ್ದು ಮುಕ್ಕಾಲು ಗಂಟೆ ಮಾತ್ರ.

ನೆಲಕ್ಕೆ ತುಪ್ಪ ಬಿದ್ದರೆ ಆ ಕ್ಷಣವೇ ಒರೆಸಿ. "ಆಮೇಲೆ ಒರೆಸಿದರಾಯಿತು" ಅನ್ನಬೇಡಿ. ಈ ವಯಸ್ಸಿನಲ್ಲಿ ಒಂದು ಸಲ ಜಾರಿಬಿದ್ದರೆ ತಿಂಗಳುಗಟ್ಟಲೆ ಹಾಸಿಗೆ.

ಕೈ ಅಳತೆಯನ್ನು ಹಿಡಿದಿಡುವುದು

ಎಲ್ಲಕ್ಕಿಂತ ನನಗೆ ಇಷ್ಟವಾದ ಭಾಗ ಇದು.

ಅಜ್ಜಿಯರನ್ನು ಎಷ್ಟು ಹಾಕಬೇಕು ಎಂದು ಕೇಳಿದರೆ "ಕಣ್ಣಳತೆಗೆ", "ಒಂದು ಹಿಡಿ", "ಹಿಟ್ಟು ಎಷ್ಟು ಕೇಳುತ್ತೋ ಅಷ್ಟು" ಅನ್ನುತ್ತಾರೆ. ಅದು ತಪ್ಪಿಸಿಕೊಳ್ಳುವ ಉತ್ತರವಲ್ಲ. ಅವರ ಕೈಗೆ ನಿಜವಾಗಿ ಗೊತ್ತು, ಬಾಯಿಗೆ ಗೊತ್ತಿಲ್ಲ ಅಷ್ಟೇ. ಅವರನ್ನು ನಿಲ್ಲಿಸಿ ಚಮಚದಲ್ಲಿ ಅಳೆಯಿರಿ ಎಂದರೆ ಕೈಯ ಲಯವೇ ತಪ್ಪಿಹೋಗುತ್ತದೆ.

ಅದಕ್ಕೆ ಹೀಗೆ ಮಾಡಿ. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದ ಮೇಲೆ ಮೈದಾ ಡಬ್ಬವನ್ನೇ ಇಡಿ. ಸೊನ್ನೆಗೆ ತನ್ನಿ. ಅಜ್ಜಿ ಡಬ್ಬದಿಂದ ತಮಗೆ ಬೇಕಾದಷ್ಟು ತೆಗೆದುಕೊಳ್ಳಲಿ. ಯಂತ್ರದಲ್ಲಿ ಮೈನಸ್ 38 ಎಂದು ಬಂದರೆ ಅವರ ಹಿಡಿ 38 ಗ್ರಾಂ. ಅವರನ್ನು ತಡೆಯಲಿಲ್ಲ, ಏನೂ ಕೇಳಲಿಲ್ಲ, ಅಳತೆ ಮಾತ್ರ ಸಿಕ್ಕಿತು. ಸಕ್ಕರೆ, ಕಡಲೆಹಿಟ್ಟು, ತುಪ್ಪ ಎಲ್ಲಕ್ಕೂ ಇದೇ ಉಪಾಯ. ನನ್ನ ಮಗಳು ನೋಟ್‌ಬುಕ್ ಹಿಡಿದು ಅಂಕಿ ಬರೆಯುತ್ತಾಳೆ. ಏಳು ವರ್ಷದವಳಿಗೆ ಅದು ದೊಡ್ಡ ಜವಾಬ್ದಾರಿ.

ಮನೆಯಲ್ಲಿ ಹಳೆಯ ಪಾವು, ಚಟಾಕು ಇದ್ದರೆ ಅವನ್ನೂ ಹೊರಗೆ ತೆಗೆಯಿರಿ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಹಳೇ ಮೈಸೂರಿನ ಕಡೆ ಇತ್ತು. ಆದರೆ ಪಾವು ಅಂದರೆ ಇಷ್ಟು ಗ್ರಾಂ ಎಂದು ಎಲ್ಲೋ ಓದಿದ್ದನ್ನು ನಂಬಬೇಡಿ. ಅದು ತುಂಬಿಸಿ ಅಳೆಯುವ ಪಾತ್ರೆ. ಅಕ್ಕಿ ಹಾಕಿದರೆ ಒಂದು ತೂಕ, ಮೈದಾ ಹಾಕಿದರೆ ಇನ್ನೊಂದು. ನಿಮ್ಮ ಮನೆಯ ಪಾವಿಗೆ ನಿಮ್ಮ ಮನೆಯ ಮೈದಾ ತುಂಬಿಸಿ ತೂಗಿ, ಬರೆದಿಟ್ಟುಕೊಳ್ಳಿ. ತಲೆ ತಟ್ಟಿ ಅಳೆಯುತ್ತಾರೋ ಗೋಪುರ ಮಾಡಿ ಅಳೆಯುತ್ತಾರೋ ಎಂಬುದನ್ನೂ ಬರೆಯಿರಿ, ಅದರಲ್ಲೇ ಎಷ್ಟೋ ವ್ಯತ್ಯಾಸವಾಗುತ್ತದೆ.

ಮಾತು ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಫೋನನ್ನು ಮುಖದ ಮುಂದೆ ಹಿಡಿಯಬೇಡಿ. ಮೇಜಿನ ಮೂಲೆಯಲ್ಲಿಟ್ಟು ಧ್ವನಿ ಮಾತ್ರ ಹಿಡಿದುಕೊಂಡರೆ ಸಾಕು. ನಮ್ಮಲ್ಲಿ ಉಂಡೆ ಕಟ್ಟುವಾಗ ಬರುವ ಮಾತುಗಳು ಬೇರೆ ಯಾವ ಹೊತ್ತಿನಲ್ಲೂ ಬರುವುದಿಲ್ಲ.

ತುಪ್ಪ ಉಜ್ಜುವುದು

ಈಗ ನಿಜವಾದ ಕೆಲಸ. ಅಗಲವಾದ ಸ್ಟೀಲ್ ತಟ್ಟೆಗೆ ತುಪ್ಪ ಮತ್ತು ಸಕ್ಕರೆ ಪುಡಿ ಹಾಕಿ, ಅಂಗೈಯಿಂದ ಉಜ್ಜಬೇಕು. ಐದರಿಂದ ಏಳು ನಿಮಿಷ. ಬಣ್ಣ ಹಳದಿಯಿಂದ ಬಿಳಿಗೆ ತಿರುಗಬೇಕು, ಹಗುರವಾಗಬೇಕು. ಈ ಕೆಲಸಕ್ಕೆ ಬೇಕರಿಯವರು ಮೆಷಿನ್ ಇಡುತ್ತಾರೆ. ಆದರೆ ಚಿರೋಟಿ ಮಾಡಿದ ಅಜ್ಜಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಿರೋಟಿಯ ಪದರಗಳ ಮಧ್ಯೆ ಹಚ್ಚಲು ತುಪ್ಪ, ಅಕ್ಕಿಹಿಟ್ಟು ಸೇರಿಸಿ ಬೆಳ್ಳಗಾಗುವವರೆಗೆ ಉಜ್ಜುತ್ತಾರಲ್ಲ, ಸಾಟಿ ಅನ್ನುತ್ತಾರೆ, ಅದೇ ಕೈಚಳಕ. "ಅಯ್ಯೋ, ಇದು ಸಾಟಿ ಉಜ್ಜಿದ ಹಾಗೇ ಅಲ್ವಾ" ಎಂದು ನಮ್ಮಜ್ಜಿ ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಓವನ್ ತಿಂಡಿ ಅಂದರೆ ನಮ್ಮ ಕಾಲದ್ದು ಅಂದುಕೊಂಡಿದ್ದರು. ಅವತ್ತಿನಿಂದ ಅದು ಅವರದ್ದೂ ಆಯಿತು.

ಏಳು ನಿಮಿಷ ಪೂರ್ತಿ ಉಜ್ಜಲು ಅವರಿಗೆ ಆಗುವುದಿಲ್ಲ. ಬೆರಳಿನ ಗಂಟು ನೋಯುತ್ತದೆ. ಮೊದಲ ಎರಡು ನಿಮಿಷ ಅವರು, ಮಧ್ಯದ್ದು ನಾನು. ಕೊನೆಗೆ ತಟ್ಟೆಯನ್ನು ಮತ್ತೆ ಅವರ ಮುಂದೆ ತಳ್ಳಿ "ಬಂತಾ ಅಜ್ಜಿ?" ಎಂದು ಕೇಳುತ್ತೇನೆ. ಅವರು ಎರಡು ಬೆರಳಲ್ಲಿ ಸ್ವಲ್ಪ ತೆಗೆದು ತಿಕ್ಕಿ ನೋಡುತ್ತಾರೆ. ಸಕ್ಕರೆ ತರಿ ಸಿಕ್ಕಿದರೆ "ಇನ್ನೊಂದು ಸ್ವಲ್ಪ" ಅನ್ನುತ್ತಾರೆ. ಅವರು ಹೇಳಿದ ಮೇಲೆ ಉಜ್ಜಿ. ಗಡಿಯಾರ ತೋರಿಸಿ "ಏಳು ನಿಮಿಷ ಆಯ್ತಲ್ಲ" ಎಂದು ವಾದ ಮಾಡಬೇಡಿ.

ಆಮೇಲೆ ಮೈದಾ, ಕಡಲೆಹಿಟ್ಟು, ರವೆ, ಸೋಡ, ಉಪ್ಪನ್ನು ಜರಡಿ ಹಿಡಿದು ಮೇಲೆ ಹಾಕಿ. ಜರಡಿ ಆಡಿಸುವುದು ಮಗುವಿನ ಕೆಲಸ. ಈಗ ನಾದಬಾರದು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಬೆರಳ ತುದಿಯಿಂದ ಒಟ್ಟುಗೂಡಿಸಿ, ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲುವಷ್ಟು ಆದರೆ ಸಾಕು. ಉದುರುತ್ತಿದ್ದರೆ ಒಂದು ಟೀ ಚಮಚ ತುಪ್ಪ ಸೇರಿಸಿ. ನೀರು ಮಾತ್ರ ಹಾಕಬೇಡಿ. ಅಂಟುತ್ತಿದ್ದರೆ ಮುಚ್ಚಿ ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ. ಕಾಫಿಗೆ ಇದು ಸರಿಯಾದ ಹೊತ್ತು.

ಉಂಡೆ

ಬೆಟ್ಟದ ನೆಲ್ಲಿಕಾಯಿ ಗಾತ್ರ. ತೂಗಿದರೆ 18, 19 ಗ್ರಾಂ. ಎಲ್ಲ ಒಂದೇ ಗಾತ್ರ ಇದ್ದರೆ ಒಟ್ಟಿಗೆ ಬೇಯುತ್ತವೆ. ಆದರೆ ಕೈ ನಡುಗುವವರು ಕಟ್ಟಿದ ಉಂಡೆ ಒಂದು ಸಣ್ಣದು, ಒಂದು ದೊಡ್ಡದು ಆಗಬಹುದು. ಅವರ ಕಣ್ಣೆದುರಿಗೆ ಅದನ್ನು ಒಡೆದು ಮತ್ತೆ ಕಟ್ಟಬೇಡಿ. ಸಣ್ಣವನ್ನೆಲ್ಲ ಟ್ರೇಯ ಮಧ್ಯಕ್ಕೆ, ದೊಡ್ಡವನ್ನು ಅಂಚಿಗೆ ಇಡಿ. ಓವನ್ನಿನಲ್ಲಿ ಸಾಮಾನ್ಯವಾಗಿ ಅಂಚಿಗೆ ಕಾವು ಜಾಸ್ತಿ, ತಾನೇ ಸರಿಹೋಗುತ್ತದೆ. ಇಲ್ಲವಾದರೆ ನೀವು ಹಿಟ್ಟನ್ನು ಚಮಚದಲ್ಲಿ ಪಾಲು ಮಾಡಿ ಕೊಡಿ, ಅವರು ಉರುಟು ಮಾಡಲಿ.

ನಡುವೆ ಎರಡು ಬೆರಳು ಜಾಗ ಬಿಟ್ಟು ಇಡಿ. ಪ್ರತಿ ಉಂಡೆಯನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ನಮ್ಮ ಮನೆಯಲ್ಲಿ ಅಜ್ಜಿ ಒತ್ತುತ್ತಾರೆ, ಮಗಳು ಆ ಗುಳಿಯಲ್ಲಿ ಗೋಡಂಬಿ ಚೂರು ಇಡುತ್ತಾಳೆ. ಒಬ್ಬರ ಹಿಂದೆ ಒಬ್ಬರ ಕೈ ಓಡುತ್ತದೆ. ಮಗು ಅವಸರ ಮಾಡಿದರೆ ತಡೆಯುವುದು ನಿಮ್ಮ ಕೆಲಸ, ಅಜ್ಜಿಯನ್ನು ಬೇಗ ಮಾಡಿ ಅನ್ನುವುದಲ್ಲ.

ಮರೆವು ಇರುವವರ ಜೊತೆ

ನನ್ನ ದೊಡ್ಡಮ್ಮನಿಗೆ ಈಗ ಮರೆವಿನ ಕಾಯಿಲೆ. ಅವರು ಬಂದ ದಿನ ನಾವು ಬೇರೆ ರೀತಿ ಮಾಡುತ್ತೇವೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪದಾರ್ಥ. ಒಂದು ಸಲಕ್ಕೆ ಒಂದೇ ಮಾತು. "ಇದನ್ನ ಹೀಗೆ ಉರುಟು ಮಾಡಿ ದೊಡ್ಡಮ್ಮ" ಎಂದು ಹೇಳಿ ನಾನೇ ಒಂದು ಮಾಡಿ ತೋರಿಸುತ್ತೇನೆ. ಅವರ ಕೈ ತಾನಾಗಿ ಹಿಂದೆ ಬರುತ್ತದೆ. ಮಾತು ಮರೆತ ಮೇಲೂ ಕೈ ಮರೆತಿರುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ನೆನಪಿದೆಯಾ, ಹಬ್ಬಕ್ಕೆ ಏನು ಮಾಡ್ತಿದ್ರಿ?" ಎಂದು ಪರೀಕ್ಷೆ ಮಾಡಬೇಡಿ. ಉತ್ತರ ಸಿಗದಿದ್ದಾಗ ಅವರು ಒಳಗೊಳಗೇ ಕುಗ್ಗುತ್ತಾರೆ. ಅದರ ಬದಲು ಏಲಕ್ಕಿ ಪುಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಕಥೆ ಬಂದರೆ ಕೇಳಿ. ಅದೇ ಕಥೆ ನಾಲ್ಕು ಸಲ ಬಂದರೆ ನಾಲ್ಕು ಸಲವೂ ಕೇಳಿ. ಸೋಡದ ಡಬ್ಬ, ಚಾಕು, ಬೆಂಕಿಪೊಟ್ಟಣ ಅವರ ಕೈಗೆ ಎಟುಕದ ಕಡೆ ಇರಲಿ. ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳದ ಹಾಗೆ ಒಬ್ಬರು ಪಕ್ಕದಲ್ಲೇ ಕೂರಬೇಕು.

ಒಲೆಗೆ ಇಡುವುದು

ಓಟಿಜಿ (ಟೋಸ್ಟರ್, ಗ್ರಿಲ್ ಎರಡೂ ಇರುವ ಸಣ್ಣ ಕರೆಂಟ್ ಓವನ್) ಇದ್ದರೆ 170 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ನಿಮಿಷ ಮುಂಚೆ ಕಾಯಿಸಿ. ಟ್ರೇ ಮಧ್ಯದ ತಟ್ಟಿನಲ್ಲಿ. 16ರಿಂದ 20 ನಿಮಿಷ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ಅಮೆರಿಕದಲ್ಲಿ ಇರುವವರಿಗೆ 340 ಫ್ಯಾರನ್‌ಹೀಟ್. ವಿಡಿಯೊ ಕಾಲ್‌ನಲ್ಲಿ ಅಜ್ಜಿಯನ್ನು ಜೊತೆಗಿಟ್ಟುಕೊಂಡು ಮಾಡುವವರು ಹಿಟ್ಟನ್ನು ಬೆರಳಲ್ಲಿ ಒಡೆದು ಕ್ಯಾಮರಾ ಹತ್ತಿರ ತೋರಿಸಿ. ಹದವನ್ನು ಅವರು ನೋಡಿಯೇ ಹೇಳುತ್ತಾರೆ.

ಓವನ್ ಇಲ್ಲದವರು ಹಳೆಯ ದಪ್ಪ ತಳದ ಡಬರಿ ತೆಗೆದುಕೊಳ್ಳಿ. ತಳಕ್ಕೆ ಒಂದೂವರೆ ಲೋಟ ಪುಡಿ ಉಪ್ಪು ಹರಡಿ, ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ತಟ್ಟೆ ಇಟ್ಟ ಮೇಲೆ ಸಣ್ಣ ಉರಿಯಲ್ಲಿ 22ರಿಂದ 25 ನಿಮಿಷ. ಕುಕ್ಕರಿನಲ್ಲಿ ಮಾಡುವವರೂ ಇದ್ದಾರೆ. ಆದರೆ ಕುಕ್ಕರನ್ನು ನೀರಿಲ್ಲದೆ ಕಾಯಿಸುವುದು ಅದಕ್ಕೆ ಒಳ್ಳೆಯದಲ್ಲ, ಹಾಗಾಗಿ ನನಗೆ ಡಬರಿಯೇ ಇಷ್ಟ. ಇದನ್ನು ನೋಡಿದ ಅಜ್ಜಿ, ತಮ್ಮ ತಾಯಿ ಪಾತ್ರೆಯಲ್ಲಿ ಮರಳು ಹಾಕಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುತ್ತಿದ್ದುದನ್ನು ಹೇಳಿದರು. ಕೆಳಗೂ ಕಾವು, ಮೇಲೂ ಕಾವು. ಓಟಿಜಿಯ ಎರಡು ಕಂಬಿಗಳೂ ಮಾಡುವುದು ಅದನ್ನೇ.

ಓವನ್ ಬಾಗಿಲು ತೆಗೆಯುವವರು ಒಬ್ಬರೇ ಇರಲಿ, ಅದು ಹಿರಿಯರೂ ಆಗಬಾರದು, ಮಗುವೂ ಆಗಬಾರದು. ವಯಸ್ಸಾದವರ ಚರ್ಮ ತೆಳು, ಸುಟ್ಟದ್ದು ತಡವಾಗಿ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ತಡ. ಹತ್ತಿರ ಬಂದು ನೋಡುವುದಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಆದರೆ ಆಗಿದೆಯೋ ಇಲ್ಲವೋ ಎಂಬ ತೀರ್ಮಾನ ಅವರದ್ದೇ. ಅಜ್ಜಿ ಕುರ್ಚಿಯಲ್ಲಿ ಕೂತೇ ಘಮದಲ್ಲಿ ಹೇಳುತ್ತಾರೆ: "ಕಡಲೆಹಿಟ್ಟು ಹುರಿದ ವಾಸನೆ ಬಂತು, ನೋಡು ಈಗ." ನಾನು ಬಾಗಿಲು ತೆಗೆದಾಗ ಮೇಲೆ ಬಿರುಕು ಬಿಟ್ಟಿರುತ್ತದೆ, ಅಂಚು ಮಾತ್ರ ತಿಳಿ ಕಂದು. ಬಿರುಕು ಬಿಡಬೇಕು, ಅದು ದೋಷವಲ್ಲ.

ತೆಗೆದಾಗ ಮೆತ್ತಗೆ ಇರುತ್ತವೆ. ಬೆಂದಿಲ್ಲ ಎಂದು ಮತ್ತೆ ಒಳಗಿಡಬೇಡಿ. ಟ್ರೇಯಲ್ಲೇ ಕಾಲು ಗಂಟೆ ಬಿಡಿ, ಆರುತ್ತಾ ಆರುತ್ತಾ ಗಟ್ಟಿಯಾಗುತ್ತವೆ. ಬಿಸಿಯಲ್ಲಿ ಎತ್ತಿದರೆ ಪುಡಿಯಾಗುತ್ತವೆ.

ತಿನ್ನುವುದು, ಇಡುವುದು

ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ "ನಿಮಗೆ ಬೇಡ" ಎಂದು ಎಲ್ಲರ ಮುಂದೆ ಹೇಳುವುದು ನನ್ನಿಂದ ಆಗುವುದಿಲ್ಲ. ತಾವೇ ಮಾಡಿದ್ದನ್ನು ತಾವೇ ತಿನ್ನದೆ ಕೂರುವುದೆಂದರೆ ಬಹಳ ಕಷ್ಟ. ಹಾಗಾಗಿ ಹಿಟ್ಟಿನಲ್ಲಿ ಕೊನೆಯ ನಾಲ್ಕೈದು ಉಂಡೆಗಳನ್ನು ಗೋಲಿ ಗಾತ್ರಕ್ಕೆ ಕಟ್ಟಿ, ಬೇರೆಯವಕ್ಕಿಂತ ನಾಲ್ಕೈದು ನಿಮಿಷ ಮುಂಚೆ ತೆಗೆಯುತ್ತೇವೆ. ಎಷ್ಟು ತಿನ್ನಬಹುದು ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಂಡಿದ್ದೇವೆ. ಊಟವಾದ ಮೇಲೆ ಒಂದು. ಸಕ್ಕರೆ ಬದಲು ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂದು ನಂಬಬೇಡಿ, ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ. ಸ್ವಲ್ಪ ಬೆಚ್ಚಗಿದ್ದರೂ ಒಳಗೆ ಬೆವರಿ ಮೆತ್ತಗಾಗುತ್ತವೆ. ಎರಡು ವಾರ ಚೆನ್ನಾಗಿರುತ್ತವೆ. ನಮ್ಮಲ್ಲಿ ನಾಲ್ಕು ದಿನಕ್ಕೇ ಮುಗಿಯುತ್ತವೆ, ಯಾಕೆಂದರೆ ಪಕ್ಕದ ಮನೆಗೆ, ಹಾಲಿನವರಿಗೆ, ಮೇಲಿನ ಮನೆಯ ಮಕ್ಕಳಿಗೆ ಹಂಚುವುದು ಅಜ್ಜಿಯೇ.

ಮಗಳು ಬರೆದ ಅಳತೆ ಚೀಟಿಯನ್ನು ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಮೈದಾ ನಾಲ್ಕು ಹಿಡಿ, 152 ಗ್ರಾಂ. ಕಡಲೆಹಿಟ್ಟು ಒಂದು ಹಿಡಿ, ತುಸು ಜಾಸ್ತಿ, 46 ಗ್ರಾಂ. ಕೆಳಗೆ ಅಜ್ಜಿ ಹೇಳಿದ್ದನ್ನೇ ಅವಳ ಅಕ್ಷರದಲ್ಲಿ ಬರೆದಿದ್ದಾಳೆ: "ಮಳೆಗಾಲದಲ್ಲಿ ತುಪ್ಪ ಒಂದು ಚಮಚ ಕಮ್ಮಿ."